ಗುತ್ಯಪ್ಪನ ಕಾರಿನ ಹೊಗೆ ನಿಂತದ್ದು

ಆನವಟ್ಟಿ ಬಸ್ ಸ್ಟ್ಯಾಂಡಿನ ಎದುರು ಆ ಕಾಲದಲ್ಲಿ ಬಾಡಿಗೆಗೆ ನಿಲ್ಲುತ್ತಿದ್ದ ಗಾಡಿಗಳಲ್ಲಿ ಎಲ್ಲಕ್ಕಿಂತ ಹಿರಿಯದು ಗುತ್ಯಪ್ಪನ ಅಂಬಾಸಿಡರ್. ಹಿರಿತನ ಬರೀ ವಯಸ್ಸಿನಲ್ಲಿ ಅಂದುಕೊಳ್ಳಬೇಡಿ, ಮರ್ಯಾದೆಯಲ್ಲೂ ಅದೇ ಮುಂದು. ಮದುವೆ ಗಂಡಿನ ಮೆರವಣಿಗೆಗೆ ಅದೇ ಬೇಕು, ಹೆಣ್ಣನ್ನು ಗಂಡನ ಮನೆ ತುಂಬಿಸಲಿಕ್ಕೂ ಅದೇ ಬೇಕು. ಮೀಟರಿನ ಅಂಕಿ ಲಕ್ಷ ತುಂಬಿ, ಮತ್ತೆ ಸೊನ್ನೆಯಿಂದ ಶುರುವಾಗಿ, ಅದೂ ಎಷ್ಟೋ ದೂರ ಓಡಿಯಾಗಿತ್ತು. ಯಾರಾದರೂ ಅದರ ವಯಸ್ಸು ಕೇಳಿದರೆ ಗುತ್ಯಪ್ಪನಿಗೆ ಸಿಟ್ಟು ಬರುತ್ತಿತ್ತು. "ಹುಣಸೆಮರ ಮುಪ್ಪಾದ್ರೆ ಹುಳಿ ಮುಪ್ಪಾಗ್ತದಾ?" ಎಂದು ಮುಖಕ್ಕೆ ಹೊಡೆದಂತೆ ಕೇಳಿಬಿಡುತ್ತಿದ್ದ.

ಮದುವೆ ಬಾಡಿಗೆಯನ್ನು ಯಾವನು ಬೇಕಾದರೂ ಹೊಡೆಯಬಹುದು. ಗುತ್ಯಪ್ಪನನ್ನೇ ಹುಡುಕಿಕೊಂಡು ಜನ ಬರುತ್ತಿದ್ದುದು ಬೇರೆಯದೇ ಕೆಲಸಕ್ಕೆ. ಸುತ್ತಲ ಊರಲ್ಲಿ ಯಾರದಾದರೂ ಅಪ್ಪನೋ ಅವ್ವನೋ ತೀರಿಕೊಂಡರೆ, ದೂರದ ಊರಿಗೆ ಕೊಟ್ಟ ಮಗಳನ್ನು ಕರೆತರಬೇಕಲ್ಲ? ಮಗಳು ಬಂದು ಕಡೇ ಸಲ ಮುಖ ನೋಡಿ ಹಣೆಗೆ ವಿಭೂತಿ ಹಚ್ಚದೆ ಎತ್ತಲು ಯಾರಿಗೂ ಮನಸ್ಸು ಬಾರದು. ಹಾಗಂತ ಹೊತ್ತು ಮುಳುಗುವ ತನಕ ಇಟ್ಟುಕೊಂಡು ಕೂರುವಂತೆಯೂ ಇಲ್ಲ. ಹಳ್ಳಿಗಳಲ್ಲಿ ಫೋನು ಎಲ್ಲಿತ್ತು? ಗಾಡಿಯೇ ಹೋಗಬೇಕು, ಸುದ್ದಿಯನ್ನೂ ಅದೇ ಮುಟ್ಟಿಸಬೇಕು, ಮಗಳನ್ನೂ ಅದೇ ತರಬೇಕು. ಈ ಓಟದಲ್ಲಿ ಗುತ್ಯಪ್ಪ ಒಮ್ಮೆಯೂ ಸೋತವನಲ್ಲ.

ಸುದ್ದಿ ಮುಟ್ಟಿಸುವುದು ಅಂದೆನಲ್ಲ, ಅಲ್ಲೇ ಅವನ ಕೈಚಳಕ. ಅವನು ಮಗಳಿಗೆ ಸುದ್ದಿ ಹೇಳುತ್ತಲೇ ಇರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕುಡಿಯಲು ನೀರು ಕೇಳಿ, ಮಳೆ ಬೆಳೆ ಮಾತಾಡಿ, ಆಮೇಲೆ ಏನೋ ಈಗ ನೆನಪಾದವನ ಹಾಗೆ, "ಅಪ್ಪಾರಿಗೆ ಯಾಕೋ ಮೈ ಬೆಚ್ಚಗಾಗೈತೆ ಕಣಮ್ಮ. ನಿನ್ನ ನೋಡ್ಬೇಕು ಅಂತಿದ್ರು. ಹೋಗಿ ಬಂದುಬಿಡಾಣ" ಅನ್ನುತ್ತಿದ್ದ. ಮನೆಯ ಹಿರಿಯರಿಗೆ ಮಾತ್ರ ಕೊಟ್ಟಿಗೆಯ ಕಡೆ ಕರೆದು ನಿಜ ಹೇಳುತ್ತಿದ್ದ. ದಾರಿಯಲ್ಲಿ ಶಿಕಾರಿಪುರದಲ್ಲೋ ಶಿರಾಳಕೊಪ್ಪದಲ್ಲೋ ಹೋಟೆಲಿನ ಮುಂದೆ ನಿಲ್ಲಿಸಿ ಬಲವಂತ ಮಾಡಿ ಇಡ್ಲಿ ತಿನ್ನಿಸುತ್ತಿದ್ದ. ಸಾವಿನ ಮನೆಯಲ್ಲಿ ಮಣ್ಣಾಗುವ ತನಕ ಒಲೆ ಹಚ್ಚುವುದಿಲ್ಲ, ಹೆಣ್ಣುಮಗಳು ಹಸಿದ ಹೊಟ್ಟೆಯಲ್ಲಿ ಅಳಬಾರದು ಅಂತ. ಊರು ಬಂದು, ಜಗಲಿಯ ಮೇಲೆ ಜನ ಕೂತಿದ್ದು ಕಂಡಾಗಲೇ ಅವಳ ಎದೆ ಒಡೆಯಬೇಕು, ಅಲ್ಲಿಯವರೆಗೆ ಅವಳು ನಗುನಗುತ್ತ ಬರಲಿ ಎಂಬುದು ಅವನ ಲೆಕ್ಕ. ಊರವರೂ ಅದನ್ನೇ ಹೊಗಳಿದರು. "ಗುತ್ಯಪ್ಪ ಕರ್ಕೊಂಡು ಬಂದ್ರೆ ದಾರೀಲಿ ಒಂದು ಹನಿ ಕಣ್ಣೀರು ಬರಲ್ಲ" ಎಂದು. ಹೊಗಳಿಕೆ ಯಾರನ್ನು ಕೆಡಿಸಿಲ್ಲ ಹೇಳಿ!

ಆ ಕಾರು ಮೊದಲು ಕುಬಟೂರಿನ ಬೆನಕಪ್ಪನವರದು. ಗುತ್ಯಪ್ಪನ ಅಪ್ಪ ಅವರ ಮನೆಯಲ್ಲಿ ಗೇಯುತ್ತಿದ್ದವನು. ಗುತ್ಯಪ್ಪ ಸ್ಟೀರಿಂಗ್ ಹಿಡಿಯಲು ಕಲಿತದ್ದೂ ಅದೇ ಕಾರಿನಲ್ಲಿ, ಅವರದೇ ಕಣದಲ್ಲಿ ಸುತ್ತು ಹೊಡೆದು. ಭತ್ತದ ವ್ಯಾಪಾರ ಬಿಟ್ಟು ಮನೆ ಹಿಡಿದ ಮೇಲೆ ಬೆನಕಪ್ಪ, "ನಂಗಿನ್ನೆಲ್ಲಿ ತಿರುಗಾಟ ಮಾರಾಯ, ನೀನೇ ಇಟ್ಕೊ. ಬೇಕಾದಾಗ ಬಂದು ಕರ್ಕೊಂಡು ಹೋದ್ರಾಯ್ತು" ಎಂದು ಕೀಲಿ ಕೈಗಿಟ್ಟಿದ್ದರು. ಅವರ ಮಗಳು ನೀಲಾಂಬಿಕಳನ್ನು ಆನವಟ್ಟಿ ಹೈಸ್ಕೂಲಿಗೆ ಎಷ್ಟೋ ದಿನ ಬಿಟ್ಟು ಬಂದವನೂ ಅವನೇ, ಮದುವೆಯಾದ ಮೇಲೆ ಅಂಬ್ಲಿಗೊಳದ ಅಣೆಕಟ್ಟೆಯ ಕೆಳಗಿನ ಊರಿಗೆ ಗಂಡನ ಜೊತೆ ಕೂರಿಸಿ ಕಳಿಸಿ ಬಂದವನೂ ಅವನೇ. ಅವಳಿಗೆ ಅವನು ಗುತ್ಯಣ್ಣ. ಸ್ವಂತ ಅಣ್ಣ ಈಶ್ವರನಿಗೆ ಹೇಳದ ದೂರುಗಳನ್ನು ಅವಳು ಗುತ್ಯಣ್ಣನಿಗೆ ಹೇಳುತ್ತಿದ್ದಳು.

ತೊಂಬತ್ತೈದರ ಹೊತ್ತಿಗೆ ಕಾರು ಆಯಿಲ್ ಕುಡಿಯಲು ಶುರುಮಾಡಿತು. ಮೊದಮೊದಲು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಂದು ನಿಲ್ಲುತ್ತಿತ್ತು. ಆಮೇಲೆ ಏರು ಬಂದರೆ ಹೊಗೆ, ಇಳಿಜಾರು ಬಂದರೂ ಹೊಗೆ. ಒಂದು ಮದುವೆಯಲ್ಲಿ ಬೀಗರ ಹೆಂಗಸರೆಲ್ಲ ಮೂಗಿಗೆ ಸೆರಗು ಹಿಡಿದು ನಿಂತರು. ಮದುವೆ ಗಂಡಿನ ಬಿಳಿ ಶಲ್ಯದ ತುಂಬ ಸುಟ್ಟ ಎಣ್ಣೆಯ ವಾಸನೆ. ಹೊಸ ಮಾರುತಿ ವ್ಯಾನ್ ತಂದು ಪಕ್ಕದಲ್ಲೇ ನಿಲ್ಲಿಸುತ್ತಿದ್ದ ಉಜ್ಜಪ್ಪನಿಗೆ ಇಷ್ಟು ಸಾಕಿತ್ತು. "ಗುತ್ಯಣ್ಣ, ನೀನು ಒಂದು ಸುತ್ತು ಹೊಡೆದ್ರೆ ಆನವಟ್ಟಿ ಸೊಳ್ಳೆ ಎಲ್ಲ ಸಾಯ್ತವೆ. ಪಂಚಾಯ್ತಿಯೋರು ನಿಂಗೊಂದು ಶಾಲು ಹೊದಿಸ್ಬೇಕು ನೋಡು!" ಎಂದ. ಸ್ಟ್ಯಾಂಡೆಲ್ಲ ನಕ್ಕಿತು. ಗುತ್ಯಪ್ಪನೂ ನಕ್ಕ, ಆದರೆ ಆ ದಿನ ಊಟ ಸೇರಲಿಲ್ಲ.

ಶಿಕಾರಿಪುರದ ಮೆಕ್ಯಾನಿಕ್ ಆನಂದಪ್ಪ ಬಾನೆಟ್ ಎತ್ತಿ, ಇಂಜಿನ್ನಿನ ಸದ್ದು ಕೇಳಿ, ಹಿಂದೆ ಹೋಗಿ ಹೊಗೆ ಮೂಸಿ ನೋಡಿದ. "ಪಿಸ್ಟನ್ ರಿಂಗ್ ಸವದಾವು, ಅದು ಆಡೋ ಕೊಳವಿ, ಬೋರ್, ಹಿಗ್ಗೇತಿ. ಆಯಿಲ್ ಸಂದಿಯಿಂದ ಮ್ಯಾಲೆ ನುಗ್ಗಿ ಸುಡಾಕತ್ತೇತಿ. ಇಂಜಿನ್ ಇಳಿಸಿ ಬೋರ್ ಮಾಡಿಸಬೇಕು ಗುತ್ಯಪ್ಪ. ಒಂದ್ ಹದಿನೈದು ದಿನ ಗಾಡಿ ಬಿಟ್ಟು ಹೋಗು."

"ಹದಿನೈದು ದಿನಾನಾ? ಅಲ್ಲೀವರೆಗೆ ನಮ್ಮ ಕಡೆಯೋರು ಯಾರೂ ಸಾಯೋದೇ ಬ್ಯಾಡವಾ?"

"ಮನಿಮನಿಗೆ ಹೋಗಿ ಹೇಳಿ ಬಾ, ಹದಿನೈದು ದಿನ ತಡಕೊಳ್ರಿ ಅಂತ," ಎಂದು ಆನಂದಪ್ಪ ನಕ್ಕ. ಗುತ್ಯಪ್ಪ ನಗಲಿಲ್ಲ. ಆ ಹದಿನೈದು ದಿನಗಳಲ್ಲಿ ಸಾಯುವವರ ಮಕ್ಕಳನ್ನೆಲ್ಲ ಉಜ್ಜಪ್ಪನ ವ್ಯಾನೇ ತಂದುಬಿಟ್ಟರೆ, ಆಮೇಲೆ ತನ್ನನ್ನು ಕೇಳುವವರು ಯಾರು ಎಂಬ ಹೆದರಿಕೆ ಅವನದು. ಮದುವೆ ಸೀಸನ್ ಮುಗಿಯಲಿ, ಆಮೇಲೆ ನೋಡೋಣ ಎಂದು ಗಾಡಿ ತಿರುಗಿಸಿದ.

ಆಗ ಸಿಕ್ಕಿದ್ದು ಟಾನಿಕ್ಕು. ಸ್ಪೇರ್ ಪಾರ್ಟ್ಸ್ ಅಂಗಡಿಯ ಪರಮಶಿವಪ್ಪ ಗಾಜಿನ ಕಪಾಟಿನಿಂದ ಒಂದು ಡಬ್ಬಿ ತೆಗೆದು, "ಇಂಜಿನ್ ಬಿಚ್ಚೋದ್ಯಾಕ್ರೀ? ಇದನ್ನ ಆಯಿಲ್ ಜೊತೆ ಹಾಕ್ರಿ. ಸವೆದ ಜಾಗಕ್ಕೆ ಹೋಗಿ ಕೂತ್ಕೊಂತದೆ, ಹೊಗೆ ಕಟ್" ಎಂದ. ಮುಚ್ಚಳ ತೆಗೆದರೆ ಒಳಗೆ ಜೇನುತುಪ್ಪದಷ್ಟು ದಪ್ಪನೆಯ ದ್ರವ. ಬಗ್ಗಿಸಿದರೆ ಎಳೆ ಎಳೆಯಾಗಿ, ಅವಸರವೇ ಇಲ್ಲದಂತೆ ಇಳಿಯಿತು. ಡಬ್ಬಿಯ ಮೇಲೆ ರೇಸಿನ ಕಾರಿನ ಚಿತ್ರ ಬೇರೆ. ಗುತ್ಯಪ್ಪ ಅದನ್ನು ಕಣ್ಣಿಗೊತ್ತಿಕೊಳ್ಳದಿದ್ದುದೇ ಹೆಚ್ಚು.

ಮತ್ತೆ ಸುಳ್ಳು ಯಾಕೆ ಹೇಳಬೇಕು, ಅದು ಕೆಲಸ ಮಾಡಿತು. ಎರಡು ದಿನ ಓಡಿಸುವಷ್ಟರಲ್ಲಿ ಹೊಗೆ ಕಾಲು ಭಾಗಕ್ಕೆ ಇಳಿಯಿತು. ಗುತ್ಯಪ್ಪ ಸ್ಟ್ಯಾಂಡಿನಲ್ಲಿ ಬೇಕೆಂದೇ ಉಜ್ಜಪ್ಪನ ವ್ಯಾನಿನ ಮುಂದೆ ನಿಲ್ಲಿಸಿ ರೇಸ್ ಕೊಟ್ಟು, "ಎಲ್ಲೋ ನಿನ್ನ ಸೊಳ್ಳೆ?" ಎಂದು ಕೇಳಿದ. ಆನಂದಪ್ಪನ ಹತ್ತಿರ ಹೋಗಿ ಅವನಿಗೂ ತೋರಿಸಿದ. ಆನಂದಪ್ಪ ತಲೆ ಕೆರೆದುಕೊಂಡು, "ಅದರಾಗ ಏನೂ ಇಲ್ಲ ಅಂತ ನಾ ಅನ್ನಂಗಿಲ್ಲ. ಆಯಿಲ್ ದಪ್ಪಾಗೇತಿ, ಅದಕ್ಕ ಸಂದ್ಯಾಗ ನುಗ್ಗೋದು ಕಡಿಮಿ ಆಗೇತಿ. ಆದ್ರ ಸವದ ರಿಂಗ್ ಹುಟ್ಟಂಗಿಲ್ಲಪ್ಪ. ಒಂದು ಡಬ್ಬಿ ಹಾಕೀಯಲ್ಲ, ಇನ್ನು ಸಾಕು ಮಾಡು. ದಿನಾ ಆಯಿಲ್ ಅಳಿಯೋ ಗೇಜು ಕಡ್ಡಿ ಎಳೆದು, ಒರೆಸಿ, ಮತ್ತ ಅದ್ದಿ ನೋಡು" ಎಂದ. ಮುದುಕ ಕೆಮ್ಮು ನಿಲ್ಲಿಸಿದ ಮಾತ್ರಕ್ಕೆ ಹುಷಾರಾದ ಅಂತಲ್ಲ ಎಂದೂ ಸೇರಿಸಿದ. ಹೊಟ್ಟೆಕಿಚ್ಚಿನ ಮಾತು, ಬೋರ್ ಕೆಲಸ ಕೈತಪ್ಪಿತಲ್ಲ ಅಂತ ಉರಿ ಎಂದುಕೊಂಡ ಗುತ್ಯಪ್ಪ.

ಹೊಗೆ ಮತ್ತೆ ತಲೆಯೆತ್ತಿದಾಗ ಎರಡನೇ ಡಬ್ಬಿ ಸುರಿದ. ಆಮೇಲೆ ಮೂರನೆಯದು. ಹೊಗೆಯೇ ಇಲ್ಲ ಅಂದ ಮೇಲೆ ಆಯಿಲ್ ಯಾಕೆ ಇಳಿಯುತ್ತೆ ಎಂದು ಅದನ್ನು ತುಂಬಿಸುವುದನ್ನೂ ಮರೆತ. ಒಳಗೆ ಅದು ಸದ್ದಿಲ್ಲದೆ ಇಳಿಯುತ್ತಲೇ ಇತ್ತು. ಕಡ್ಡಿ ಎಳೆದರೆ ಆ ಅಂಟು ಮೇಲಿನ ಗೆರೆಯವರೆಗೂ ಮೆತ್ತಿಕೊಂಡು ಬರುತ್ತಿತ್ತು, ತುಂಬಿದೆ ಅಂತಲೇ ಕಾಣುತ್ತಿತ್ತು. ಒರೆಸಿ ಎರಡನೇ ಸಲ ಅದ್ದಿ ನೋಡುವುದಕ್ಕೆ ಒಂದು ಹಳೇ ಬಟ್ಟೆ ಸಾಕಿತ್ತು. ಅಷ್ಟು ಮಾಡಲಿಲ್ಲವಲ್ಲ ಎಂದು ಆಮೇಲೆ ಅವನು ಎಷ್ಟು ಸಲ ಹಣೆ ಹಣೆ ಚಚ್ಚಿಕೊಂಡಿದ್ದಾನೋ ದೇವರಿಗೇ ಗೊತ್ತು.

ತೊಂಬತ್ತಾರರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಈಶ್ವರ ಬೈಕಿನಲ್ಲಿ ಸ್ಟ್ಯಾಂಡಿಗೆ ಬಂದ. ತಲೆ ಬಾಚಿರಲಿಲ್ಲ, ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದ. ಗುತ್ಯಪ್ಪನಿಗೆ ನೋಡಿದ ಕೂಡಲೇ ತಿಳಿಯಿತು.

"ಅಪ್ಪ ಹೋಗ್ಬಿಟ್ರು ಗುತ್ಯಣ್ಣ. ಬೆಳಗಿನ ಜಾವ, ಮಲಗಿದಲ್ಲೇ."

ಗುತ್ಯಪ್ಪ ಬಾನೆಟ್ ಹಿಡಿದುಕೊಂಡು ನಿಂತ. ಸ್ಟೀರಿಂಗ್ ಹಿಡಿಸಿದ ಕೈ, ಕೀಲಿ ಕೊಟ್ಟ ಕೈ ಇನ್ನಿಲ್ಲ. ಕಣ್ಣು ಒರೆಸಿಕೊಂಡು, "ನೀಲಮ್ಮನ್ನ ಕರ್ಕೊಂಡು ಬರ್ತೀನಿ" ಎಂದ.

ಈಶ್ವರ ಕಾರನ್ನೊಮ್ಮೆ ನೋಡಿ, ಅನುಮಾನಿಸುತ್ತ, "ಹೊತ್ತು ಮುಳುಗೋದ್ರೊಳಗೆ ಮಣ್ಣಾಗ್ಬೇಕು ಅಂತ ಅಯ್ಯನೋರು ಹೇಳಿದಾರೆ. ದೂರದ ದಾರಿ. ಗಾಡಿ ಸರಿ ಐತಲ್ಲ? ಇಲ್ಲಾಂದ್ರೆ ಉಜ್ಜಪ್ಪನ ವ್ಯಾನ್ ಕಳಿಸ್ಲಾ?" ಎಂದ.

ಉಜ್ಜಪ್ಪ ಅಲ್ಲೇ ನಿಂತಿದ್ದ. ಅವನ ಮುಖದಲ್ಲಿ ಆಗ ನಗೆ ಇರಲಿಲ್ಲ. "ನಾನು ಹೋಗ್ತೀನಿ ಬೇಕಾದ್ರೆ" ಎಂದು ಮೆಲ್ಲಗೆ ಅಂದ ಕೂಡ. ಗುತ್ಯಪ್ಪನ ಮೈಯೆಲ್ಲ ಉರಿಯಿತು. "ಬೆನಕಪ್ಪನೋರ ಮಗಳನ್ನ ಬೆನಕಪ್ಪನೋರ ಕಾರಲ್ಲೇ ತರ್ತೀನಿ. ಇನ್ನೊಬ್ಬರ ಮಾತು ಬ್ಯಾಡ" ಎಂದ. ಬಾನೆಟ್ ಎತ್ತಿ ಕಡ್ಡಿ ಎಳೆದ, ಮೇಲಿನವರೆಗೂ ಮೆತ್ತಿತ್ತು, ಹಾಗೇ ತೂರಿಸಿದ, ಹೊರಟ.

"ಅವಳಿಗೆ ಹೇಳ್ಬ್ಯಾಡ," ಎಂದು ಈಶ್ವರ ಹಿಂದಿನಿಂದ ಕೂಗಿದ.

"ನಂಗೆ ಹೇಳ್ಕೊಡ್ತೀಯಾ?" ಎಂದ ಗುತ್ಯಪ್ಪ.

ಅಂಬ್ಲಿಗೊಳದ ಹತ್ತಿರದ ಆ ಊರು ತಲುಪುವಾಗ ಬಿಸಿಲು ನೆತ್ತಿಗೆ ಬರುತ್ತಿತ್ತು. ನೀಲಾಂಬಿಕಳ ಗಂಡ ಮಲ್ಲಿಕಾರ್ಜುನ್ ಬೀಜ ತರಲು ಶಿವಮೊಗ್ಗಕ್ಕೆ ಹೋಗಿದ್ದ. ಗುತ್ಯಪ್ಪ ಕೊಟ್ಟಿಗೆಯಲ್ಲಿ ಅವಳ ಅತ್ತೆಗೆ ನಿಜ ಹೇಳಿದ. ಆಕೆ ಬಾಯಿಗೆ ಸೆರಗು ಒತ್ತಿಕೊಂಡು, ಮಗ ಬಂದ ತಕ್ಷಣ ಕಳಿಸುತ್ತೇನೆ ಎಂದರು. ಅಂಗಳದಲ್ಲಿ ನೀಲಾಂಬಿಕಳಿಗೆ ಹಳೇ ಪಾಠವನ್ನೇ ಒಪ್ಪಿಸಿದ. ಮೈ ಬೆಚ್ಚಗಾಗೈತೆ, ನೋಡ್ಬೇಕು ಅಂತಿದ್ರು.

"ಅಷ್ಟೇ ತಾನೇ ಗುತ್ಯಣ್ಣ? ನಿನ್ನ ಮುಖ ನೋಡಿ ನಂಗೆ ಹೆದರಿಕೆ ಆಯ್ತು," ಎಂದು ಅವಳು ನಕ್ಕಳು. ಹಬ್ಬ ಹುಣ್ಣಿಮೆಗೆ ತವರಿಗೆ ಕರೆದೊಯ್ಯಲೂ ಬರುತ್ತಿದ್ದವನು ಅವನೇ, ಅವಳಿಗೆ ಅನುಮಾನ ಬರಲಿಲ್ಲ. ಆಮೇಲೆ ಶುರುವಾಯಿತು ಅವಳ ಸಂಭ್ರಮ. ಜ್ವರ ಬಂದ ಬಾಯಿಗೆ ಅಪ್ಪನಿಗೆ ಸಾರು ರುಚಿಸುವುದು ನನ್ನ ಕೈಯದೇ, ಪುಡಿ ಕುಟ್ಟಿಕೊಂಡು ಬರ್ತೀನಿ ಎಂದು ಮೆಣಸು ಜೀರಿಗೆ ಹುರಿಯಲು ಕೂತಳು. ಎಳೇ ಮಗಳು ಸೌಂದರ್ಯಳಿಗೆ ಅಜ್ಜ ಹೊಲಿಸಿಕೊಟ್ಟ ಲಂಗವನ್ನೇ ಹುಡುಕಿ ತೊಡಿಸಿದಳು. "ಹೊತ್ತಾಗ್ತದೆ ಕಣಮ್ಮ" ಎಂದು ಗುತ್ಯಪ್ಪ ಎರಡು ಸಲ ಅಂದ. "ಜ್ವರ ಎಲ್ಲಿಗೂ ಓಡಿಹೋಗಲ್ಲ ತಡಿ" ಎಂದಳು. ಅತ್ತೆ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತರು. ಅವಸರ ಮಾಡಿದರೆ ಗುಟ್ಟು ಬಯಲಾಗುತ್ತದೆ, ಮಾಡದಿದ್ದರೆ ಹೊತ್ತು ಜಾರುತ್ತದೆ. ಅಂಥ ಇಕ್ಕಟ್ಟಿನಲ್ಲಿ ಅವನು ಅಲ್ಲಿಯವರೆಗೆ ಸಿಕ್ಕಿಕೊಂಡಿರಲಿಲ್ಲ.

ಹೊರಟ ಮೇಲೆ ಗಾಡಿಯನ್ನು ಒಂದೇ ಸಮ ಒತ್ತಿದ. ಶಿಕಾರಿಪುರದಲ್ಲಿ ಇಡ್ಲಿಗೂ ನಿಲ್ಲಿಸಲಿಲ್ಲ. ಊರು ದಾಟಿ ಶಿರಾಳಕೊಪ್ಪದ ದಾರಿ ಹಿಡಿದು ಸ್ವಲ್ಪ ದೂರ ಬಂದಿದ್ದರು. ಇಂಜಿನ್ನಿನ ಸದ್ದು ಗಡುಸಾಯಿತು. ಆಕ್ಸಿಲರೇಟರ್ ಒತ್ತಿದರೂ ಗಾಡಿ ಎಳೆಯಲಿಲ್ಲ. ಗರ್ರ್ ಎಂದು ಒಮ್ಮೆ ನಡುಗಿ, ರಸ್ತೆಯ ಪಕ್ಕಕ್ಕೆ ಹೊರಳಿ, ನಿಂತೇಬಿಟ್ಟಿತು. ಬಾನೆಟ್ ಎತ್ತಿದರೆ ಕಾದ ಹಂಚಿನ ಮುಂದೆ ನಿಂತ ಹಾಗೆ ಸೆಕೆ. ಕಡ್ಡಿ ಎಳೆದು, ಅಂದು ಮೊದಲ ಸಲ ಒರೆಸಿ, ಮತ್ತೆ ಅದ್ದಿ ಎಳೆದ. ತುದಿಯಲ್ಲಿ ಒಂದಿಷ್ಟು ಕರೀ ಅಂಟು. ಆಯಿಲ್ ಇರಲೇ ಇಲ್ಲ.

"ಏನಾಯ್ತು ಗುತ್ಯಣ್ಣ?"

"ಏನಿಲ್ಲಮ್ಮ, ಸ್ವಲ್ಪ ಬಿಸಿ ಆಗೈತೆ. ಆರಿದ ಮೇಲೆ ಹೊರಡಾಣ."

ಡಿಕ್ಕಿಯಲ್ಲಿ ಇದ್ದಷ್ಟು ಆಯಿಲ್ ಸುರಿದ. ಕಾದು ಹಿಡಿದುಕೊಂಡ ಇಂಜಿನ್ ಆರಿದ ಮೇಲೆ ಬಿಟ್ಟುಕೊಳ್ಳುವುದೂ ಉಂಟು, ಅವನು ಕಂಡಿದ್ದ. ನೀಲಾಂಬಿಕ ಮಗುವನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಮರದ ನೆರಳಲ್ಲಿ ಕೂತು, ಅಪ್ಪ ಕಳೆದ ಸಲ ಬಂದಾಗ ಮೊಮ್ಮಗಳನ್ನು ಹೆಗಲ ಮೇಲೆ ಹೊತ್ತು ಕಟ್ಟೆಯ ಮೇಲೆಲ್ಲ ಓಡಾಡಿದ ಕತೆ ಹೇಳಲು ಶುರುಮಾಡಿದಳು. ಗುತ್ಯಪ್ಪ ಹ್ಞೂಂಗುಟ್ಟುತ್ತ ರೇಡಿಯೇಟರಿಗೆ ನೀರು ಹೊಯ್ದ. ಅವನ ಕಣ್ಣು ಮಾತ್ರ ಮತ್ತೆ ಮತ್ತೆ ಸೂರ್ಯನ ಕಡೆಗೇ ಹೋಗುತ್ತಿತ್ತು.

ಅಷ್ಟರಲ್ಲಿ ಬಸ್ಸು ಬಂತು. ಹಣೆಯ ಮೇಲೆ ಆನವಟ್ಟಿ ಎಂದೇ ಬೋರ್ಡಿತ್ತು. ಕೆಟ್ಟು ನಿಂತ ಕಾರು ಕಂಡು ಡ್ರೈವರ್ ತಾನಾಗಿಯೇ ನಿಧಾನ ಮಾಡಿದ. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು, "ಅಕ್ಕಾರೆ, ಬರ್ತೀರೇನ್ರೀ? ಸೀಟ್ ಐತಿ!" ಎಂದು ಕೂಗಿದ.

ನೀಲಾಂಬಿಕ ಎದ್ದು ನಿಂತಳು. ಗುತ್ಯಪ್ಪನ ಮುಖ ನೋಡಿದಳು. "ಹೋಗ್ಲಾ ಗುತ್ಯಣ್ಣ? ಅಥವಾ ಗಾಡಿ ಈಗ ಸರಿ ಆಗ್ತದಾ?"

ಹೋಗು ಅನ್ನಬೇಕಿತ್ತು. ಬಾಯಿ ತೆರೆದದ್ದೂ ನಿಜ. ಆದರೆ ಒಂದೇ ಕ್ಷಣದಲ್ಲಿ ಏನೇನೋ ನುಗ್ಗಿ ಬಂತು. ಬಸ್ಸಿನಲ್ಲಿ ಕುಬಟೂರಿನವರು ಯಾರಾದರೂ ಇದ್ದು "ಮಣ್ಣಿಗೆ ಹೊರಟ್ರಾ ತಂಗಿ?" ಎಂದು ಕೇಳಿಬಿಟ್ಟರೆ? ಒಬ್ಬಳೇ, ಕಂಕುಳಲ್ಲಿ ಮಗು, ಆ ಬಾಗಿಲಿಗೆ ಹೋಗಿ ನಿಂತರೆ ಹಿಡಿದುಕೊಳ್ಳುವವರು ಯಾರು? ಇಂಜಿನ್ ಇನ್ನೇನು ಆರುತ್ತೆ. ಇಷ್ಟು ವರ್ಷ ಯಾರನ್ನೂ ಅರ್ಧ ದಾರಿಯಲ್ಲಿ ಇಳಿಸಿದವನಲ್ಲ ತಾನು, ಬೆನಕಪ್ಪನೋರ ಮಗಳನ್ನೇ ಇಳಿಸಿ ಬಸ್ಸು ಹತ್ತಿಸಿದ ಅಂತ ಉಜ್ಜಪ್ಪ ಕೇಳಿದರೆ? ಅಯ್ಯೋ, ಅದೂ ಬಂತು ಅವನ ತಲೆಗೆ, ಅದೂ ಬಂತು. "ಈಗ ಆಗ್ತದಮ್ಮ," ಎಂದ.

"ಹಂಗಾದ್ರೆ ನಿನ್ನೊಬ್ಬನ್ನೇ ಬಿಟ್ಟು ಹೆಂಗೆ ಹೋಗ್ಲಿ? ಮಗೂನೂ ಮಲಗೈತೆ. ನೀವು ನಡೀರಿ ಅಣ್ಣಾ, ನಾವು ಕಾರಲ್ಲೇ ಬರ್ತೀವಿ," ಎಂದು ಅವಳೇ ಕಂಡಕ್ಟರಿಗೆ ಕೈ ಬೀಸಿದಳು. ಬಸ್ಸು ಹೋಯಿತು. ಧೂಳು ಇಳಿಯುವ ತನಕ ಗುತ್ಯಪ್ಪ ಅದು ಹೋದ ಕಡೆಯೇ ನೋಡುತ್ತ ನಿಂತಿದ್ದ.

ಇಂಜಿನ್ ಆಮೇಲೆ ಸ್ಟಾರ್ಟ್ ಆಯಿತು. ಸ್ಟಾರ್ಟ್ ಆಗದಿದ್ದರೇ ಚೆನ್ನಾಗಿತ್ತು, ಆ ಆಸೆಯಲ್ಲಿ ಇನ್ನಷ್ಟು ಹೊತ್ತು ಹೋಯಿತು. ಕೂಗಳತೆ ದೂರ ಹೋಗುವುದರೊಳಗೆ ಕಟಕಟ ಸದ್ದು ಶುರುವಾಗಿ, ಒಳಗೆ ಏನೋ ದಢಾರನೆ ಮುರಿದು, ಬೆನಕಪ್ಪನವರ ಕಾರು ಸತ್ತು ನಿಂತಿತು. ಆ ಮೇಲೆ ಬಂದ ಲಾರಿ ನಿಲ್ಲಿಸಲಿಲ್ಲ. ಕೊನೆಗೆ ಒಂದು ಟ್ರ್ಯಾಕ್ಟರು ಸಿಕ್ಕಿ, ಅದರಲ್ಲಿ ಶಿರಾಳಕೊಪ್ಪ, ಅಲ್ಲಿಂದ ಯಾರದೋ ಜೀಪು. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕೂತು ನೀಲಾಂಬಿಕ, "ಮನೇಲಿ ಕಾಯ್ತಾ ಇರ್ತಾರೆ, ಅಪ್ಪ ನಿಂಗೆ ಚೆನ್ನಾಗಿ ಬೈತಾರೆ ನೋಡು ಇವತ್ತು" ಎಂದು ಅವನನ್ನು ರೇಗಿಸಿದಳು. ಗುತ್ಯಪ್ಪನಿಗೆ ಆಗಲಾದರೂ ಹೇಳಿಬಿಡೋಣ ಅನ್ನಿಸಿತು. ಈಗ ಹೇಳಿದರೆ ಬಸ್ಸಿನ ಮಾತು ಬರುತ್ತದೆ. ಮಗುವಿನ ಮುಖಕ್ಕೆ ಬಿಸಿಲು ಬೀಳದಂತೆ ಕೈ ಅಡ್ಡ ಹಿಡಿದ.

ಕುಬಟೂರಿನ ದಾರಿಯಲ್ಲಿ ಜನ ಎದುರಾದರು. ಗಂಡಸರು, ಹತ್ತಿಪ್ಪತ್ತು ಮಂದಿ, ಕೆಲವರ ಹೆಗಲ ಮೇಲೆ ಗುದ್ದಲಿ, ಕೈಗೆಲ್ಲ ಮಣ್ಣು. ಅವರ ನಡುವೆ ಒದ್ದೆ ಪಂಚೆಯಲ್ಲಿ ಈಶ್ವರ. ಬಿಸಿಲು ಹೊಲದ ಬದುವಿನಿಂದ ಆಗಷ್ಟೇ ಜಾರಿತ್ತು. ಜೀಪು ನಿಂತಿತು. ನೀಲಾಂಬಿಕ ಅಣ್ಣನನ್ನು ನೋಡಿದಳು, ಗುದ್ದಲಿಗಳನ್ನು ನೋಡಿದಳು, ಆಮೇಲೆ ತಿರುಗಿ ಗುತ್ಯಪ್ಪನನ್ನು ನೋಡಿದಳು. ಮಗುವನ್ನು ಅವನ ತೊಡೆಯ ಮೇಲೆ ಇಟ್ಟು, ಇಳಿದು, ಗದ್ದೆಯ ಮೇಲೆ ಅಡ್ಡ ಹಾಯ್ದು ಓಡಿದಳು.

ಹಸಿ ಮಣ್ಣಿನ ಗುಡ್ಡೆಯ ಮೇಲೆ ಬಿಲ್ವಪತ್ರೆ ಹರಡಿತ್ತು. ಅವಳು ಅದರ ಮೇಲೆ ಬಿದ್ದು ಎರಡೂ ಕೈಯಲ್ಲಿ ಮಣ್ಣು ಬಗೆಯಲು ಹೋದಳು. ನಾಲ್ಕು ಜನ ಹಿಡಿದರು. "ಮುಖ ಮುಚ್ಚದೆ ಕಾದ್ವಿ ನೀಲಾ, ಕಾಯೋವಷ್ಟು ಕಾದ್ವಿ," ಎಂದು ಈಶ್ವರ ಅತ್ತ. ಗುತ್ಯಪ್ಪ ಮಗುವನ್ನೆತ್ತಿಕೊಂಡು ದೂರದಲ್ಲಿ ನಿಂತಿದ್ದ. ಈಶ್ವರ ಒಳ್ಳೆಯವನು, ಅವನ ಹತ್ತಿರ ಬಂದು, "ಗಾಡಿ ಕೈಕೊಟ್ರೆ ನೀನೇನು ಮಾಡ್ತೀಯ ಬಿಡು" ಎಂದ.

"ಗಾಡಿ ಅಲ್ಲ ಅಣ್ಣ," ಎಂದಳು ನೀಲಾಂಬಿಕ, ಕೂತಲ್ಲಿಂದಲೇ. "ಬಸ್ ಬಂದಿತ್ತು."

ಕಾರನ್ನು ಕಟ್ಟಿ ಎಳೆಸಿಕೊಂಡು ಆನಂದಪ್ಪನ ಹತ್ತಿರ ಬಿಟ್ಟು ಬಂದ ಗುತ್ಯಪ್ಪ ವಾರಗಟ್ಟಲೆ ಸ್ಟ್ಯಾಂಡಿನ ಕಡೆ ಹೋಗಲಿಲ್ಲ. ಹೆಂಡತಿ ಲೋಕಮ್ಮ, "ಯಾರೂ ನಿಮ್ಮನ್ನ ಒಂದು ಮಾತು ಅಂದಿಲ್ವಲ್ರೀ, ಯಾಕೆ ಹಿಂಗೆ ಕೊರಗ್ತೀರಿ?" ಎಂದು ಕೇಳಿದರೆ, "ಅಂದಿದ್ರೆ ಚೆನ್ನಾಗಿತ್ತು ಕಣೇ" ಅನ್ನುತ್ತಿದ್ದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅಂತಾರಲ್ಲ, ಹಾಗೆ ಈಗ ಇಂಜಿನ್ ಇಳಿಸಿ ಬೋರ್ ಮಾಡಿಸಿದ, ರಿಂಗು ಬೇರಿಂಗು ಎಲ್ಲ ಹೊಸದು. ಪರಮಶಿವಪ್ಪನ ಅಂಗಡಿಯ ಮುಂದೆ ಹಾಯುವಾಗ ಮುಖ ತಿರುಗಿಸುತ್ತಿದ್ದ. ಪಾಪ, ಪರಮಶಿವಪ್ಪ ಹಾಕಲು ಹೇಳಿದ್ದು ಒಂದೇ ಡಬ್ಬಿ.

ದೀಪಾವಳಿ ಕಳೆದ ಮೇಲೆ ಒಂದು ದಿನ ಗಟ್ಟಿ ಮನಸ್ಸು ಮಾಡಿ ಅಂಬ್ಲಿಗೊಳದ ಕಡೆ ಹೊರಟ. ನೀಲಮ್ಮನ ಎದುರು ನಿಂತು, ತಪ್ಪಾಯ್ತು ತಾಯಿ ಎಂದು ಕಾಲು ಮುಟ್ಟಿಯಾದರೂ ಸರಿ, ಹೇಳಿ ಬರಬೇಕು. ದಾರಿಯುದ್ದಕ್ಕೂ ಅದನ್ನೇ ಬಾಯಲ್ಲಿ ಜೋಡಿಸಿಕೊಂಡ. ಇಂಜಿನ್ ಹೂವಿನಂತೆ ಎಳೆಯುತ್ತಿತ್ತು, ಹಿಂದೆ ಒಂದು ಎಳೆ ಹೊಗೆ ಇರಲಿಲ್ಲ.

ಕಾರು ಅಂಗಳದಲ್ಲಿ ನಿಂತದ್ದೇ ತಡ, ನೀಲಾಂಬಿಕ ರೊಟ್ಟಿಯ ಹಿಟ್ಟು ಮೆತ್ತಿದ ಕೈಯಲ್ಲೇ ಬಾಗಿಲಿಗೆ ಬಂದಳು. ಇಳಿಯುತ್ತಿದ್ದ ಗುತ್ಯಪ್ಪನನ್ನು ಕಂಡದ್ದೇ ಕಂಬ ಹಿಡಿದುಕೊಂಡಳು.

"ಯಾರು?" ಎಂದಳು. "ಅವ್ವನಾ?"

"ಅಯ್ಯೋ, ಇಲ್ಲಮ್ಮ! ಅವ್ವಾರು ಆರಾಮಿದಾರೆ. ನಾನು ಸುಮ್ನೆ ಬಂದೆ, ನಿನ್ನ ಹತ್ರ ಒಂದು ಮಾತು..."

ಆರಾಮಿದಾರೆ ಎಂಬ ಮಾತು ಕಿವಿಗೆ ಬಿದ್ದಿದ್ದೇ ಅವಳು ಚಪ್ಪಲಿಯನ್ನೂ ಮೆಟ್ಟದೆ ಅಂಗಳಕ್ಕಿಳಿದು, ಹಿಂದಿನ ಬಾಗಿಲು ತೆಗೆದು ಕಾರಿನಲ್ಲಿ ಕೂತುಬಿಟ್ಟಳು. ಮಲ್ಲಿಕಾರ್ಜುನ್ ಹಿತ್ತಲಿಂದ ಓಡಿ ಬಂದ. ಗುತ್ಯಪ್ಪ ಚಂದ್ರಗುತ್ತಿ ಅಮ್ಮನ ಮೇಲೆ ಆಣೆಯಿಟ್ಟ, ತನ್ನ ಮಕ್ಕಳ ಮೇಲೆ ಆಣೆಯಿಟ್ಟ. "ಇವತ್ತು ಬೆಳಿಗ್ಗೆ ಮಾತಾಡಿಸ್ಕೊಂಡೇ ಬಂದೀನಿ ನೀಲಮ್ಮ, ಅಕ್ಕಿ ಹಸನು ಮಾಡ್ತಿದ್ರು" ಎಂದ. ಅದು ಅಪ್ಪಟ ನಿಜ.

"ಹೊತ್ತು ಮಾಡ್ಬ್ಯಾಡ ಗುತ್ಯಣ್ಣ. ನಡಿ," ಎಂದಳು ಅವಳು.

ಗಂಡ ಹೇಳಿದ, ಅತ್ತೆ ಹೇಳಿದರು. ಅವಳು ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು, ಎಲ್ಲರೂ ಒಟ್ಟಾಗಿ ಮುಚ್ಚಿಡುತ್ತಿದ್ದಾರೆ ಎಂಬಂತೆ. ಕೊನೆಗೆ ಮಲ್ಲಿಕಾರ್ಜುನನೇ, "ಕರ್ಕೊಂಡು ಹೋಗಿ ಬಿಡ್ರೀ, ಕಣ್ಣಾರೆ ನೋಡಿದ್ರೆ ಸಮಾಧಾನ ಆಗ್ತದೆ" ಎಂದು ತಾನೂ ಮುಂದೆ ಹತ್ತಿದ. ದಾರಿಯುದ್ದಕ್ಕೂ ಅವಳು ಬಾಯಿಗೆ ಸೆರಗು ಕಚ್ಚಿಕೊಂಡು ಅತ್ತಳು. ಗುತ್ಯಪ್ಪ ಏನು ಹೇಳಿದರೂ ಅವಳ ಕಿವಿಗೆ ಅದು ಸುಳ್ಳೇ ಆಗುತ್ತಿತ್ತು.

ಕುಬಟೂರಿನ ಜಗಲಿಯಲ್ಲಿ ಅವರವ್ವ ಮೊರ ಹಿಡಿದು ಕೂತಿದ್ದರು. "ಏನೇ ಇದು, ಹೇಳದೆ ಕೇಳದೆ?" ಎಂದು ಎದ್ದರು. ನೀಲಾಂಬಿಕ ಹೋಗಿ ಅವ್ವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಣೆ, ಕೆನ್ನೆ, ಗದ್ದ ಎಲ್ಲ ಸವರಿ ನೋಡಿದಳು. ಕೆನ್ನೆಯ ತುಂಬ ಹಿಟ್ಟು ಮೆತ್ತಿತು. ಆಮೇಲೆ ಅಲ್ಲೇ ಕುಸಿದು, ಅಪ್ಪಾ ಅಪ್ಪಾ ಎಂದು ಅಳತೊಡಗಿದಳು.

ಬಹಳ ಹೊತ್ತಾದ ಮೇಲೆ ಅವಳೇ ಒಂದು ಲೋಟ ಮಜ್ಜಿಗೆ ತಂದು ಕಾರಿನ ಹತ್ತಿರ ನಿಂತಿದ್ದ ಗುತ್ಯಪ್ಪನಿಗೆ ಕೊಟ್ಟಳು. ಕಣ್ಣು ಊದಿತ್ತು. ಬೈಯುವ ದನಿಯಲ್ಲ, ಬೇಡಿಕೊಳ್ಳುವ ದನಿ.

"ನೀನು ನಿಜಾನೇ ಹೇಳಿದ್ದೆ ಗುತ್ಯಣ್ಣ. ಆದ್ರೆ ನಿನ್ನ ಬಾಯಲ್ಲಿ ಯಾವುದು ನಿಜ, ಯಾವುದು ಸುಳ್ಳು ಅಂತ ನಂಗಿನ್ನು ಗೊತ್ತಾಗಲ್ಲ. ಇನ್ನು ನಮ್ಮ ಬಾಗಿಲಿಗೆ ನೀನು ಬರಬ್ಯಾಡ."

ಗುತ್ಯಪ್ಪ ಹ್ಞೂಂ ಎಂದು ತಲೆಯಾಡಿಸಿದ. ಮಜ್ಜಿಗೆ ಕುಡಿದು, ಲೋಟವನ್ನು ತಾನೇ ತೊಳೆದು ಕಟ್ಟೆಯ ಮೇಲಿಟ್ಟ. ಹೇಳಬೇಕೆಂದು ಹೋಗಿದ್ದ ಮಾತನ್ನು ಹೇಳದೆಯೇ ಆನವಟ್ಟಿಗೆ ಬಂದ.